ಬೀಗದಲ್ಲಿ ಸಿಕ್ಕಿಕೊಂಡ ಕೀಲಿ: ಕಿಣ್ವ ಪಾಠದ ಒಂದು ಅನುಭವ

ಸವಳಂಗದಲ್ಲಿ ಬೋಧನಾಭ್ಯಾಸದ ದಿನಗಳಲ್ಲಿ ಹತ್ತನೇ ತರಗತಿಗೆ ‘ಜೀವಕ್ರಿಯೆಗಳು’ ಘಟಕದ ಕಿಣ್ವಗಳ ಭಾಗವನ್ನು ತೆಗೆದುಕೊಂಡಿದ್ದೆ. ಎರಡು ಪ್ರನಾಳಗಳಲ್ಲಿ ಪಿಷ್ಟದ ದ್ರಾವಣ, ಒಂದಕ್ಕೆ ಮಾತ್ರ ಲಾಲಾರಸ. 20 ನಿಮಿಷದ ನಂತರ ಎರಡಕ್ಕೂ ಅಯೋಡಿನ್. ಲಾಲಾರಸವಿದ್ದಲ್ಲಿ ನೀಲಿ ಬರಲಿಲ್ಲ. ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದಿತ್ತು. ಪ್ರತಿಬಂಧಕವನ್ನೂ ತೋರಿಸೋಣವೆಂದು ಮೂರನೆಯ ಪ್ರನಾಳಕ್ಕೆ ಲಾಲಾರಸದ ಜೊತೆ ನಿಂಬೆರಸ ಹಾಕಿದ್ದೇ ತಪ್ಪಾಯಿತು. ನೀಲಿ ಬರಬೇಕಿತ್ತು, ಬರಲಿಲ್ಲ. ನಿಂಬೆಯ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ಕಳೆಯುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಅಲ್ಲದೆ ಆಮ್ಲ ಮಾಡುವುದು ಕಿಣ್ವದ ಆಕಾರವನ್ನು ಕೆಡಿಸುವ ಕೆಲಸ. ಪ್ರತಿಬಂಧಕದ ರೀತಿ ಬೇರೆ.

ಅದನ್ನು ಹೇಳಲು 1894ರಲ್ಲಿ ಎಮಿಲ್ ಫಿಷರ್ ಕೊಟ್ಟ ಬೀಗ–ಕೀಲಿಯ ಹೋಲಿಕೆಗೆ ಮೊರೆಹೋದೆ. ಕಿಣ್ವ ಬೀಗ, ಅದು ಒಡೆಯುವ ವಸ್ತು ಕೀಲಿ. ಅದೇ ಕಿಂಡಿಗೆ ಹೊಕ್ಕು ಕೂರುವ ಬೇರೊಂದು ಕೀಲಿ ಪ್ರತಿಬಂಧಕ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ಸರ್, ಜೋಳಕ್ಕೆ ಔಷಧಿ ಹೊಡೆದು ಬಂದ ದಿನ ನಮ್ಮಪ್ಪಂಗೆ ಜೊಲ್ಲು ಸುರೀತಿತ್ತು, ಬೆವರೋ ಬೆವರು. ಅದೂ ಹಿಂಗೇನಾ?”

ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಇರಬೇಕಿತ್ತು. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಇಲ್ಲಿನ ಮಕ್ಕಳಿಗೆ ಔಷಧಿಯ ಪಂಪು ಹೊಸದಲ್ಲ.

ಮರುದಿನ ಓದಿಕೊಂಡು ಹೋಗಿ ಉತ್ತರಿಸಿದೆ. ನರದ ಸಂದೇಶವನ್ನು ಸ್ನಾಯುವಿಗೆ, ಗ್ರಂಥಿಗೆ ದಾಟಿಸುವ ವಸ್ತು ಅಸಿಟೈಲ್‌ಕೋಲಿನ್. ಕೆಲಸ ಮುಗಿದೊಡನೆ ಅದನ್ನು ಒಡೆಯುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕ ದೇಹದೊಳಗೆ ಮಾರ್ಪಟ್ಟು ಈ ಕಿಣ್ವದ ಕಿಂಡಿಗೇ ಅಂಟಿಕೊಳ್ಳುತ್ತದೆ, ಹುಳುವಿನಲ್ಲೂ ಮನುಷ್ಯನಲ್ಲೂ. ಆಗ ಸಂದೇಶ ನಿಲ್ಲುವುದೇ ಇಲ್ಲ: ಜೊಲ್ಲು, ಕಣ್ಣೀರು, ಬೆವರು, ಕಿರಿದಾದ ಕಣ್ಣಪಾಪೆ, ಅದುರುವ ಸ್ನಾಯು, ವಿಪರೀತಕ್ಕೆ ಹೋದರೆ ಉಸಿರೇ ನಿಲ್ಲುತ್ತದೆ. ಕಾರ್ಬಮೇಟ್ ಗುಂಪಿನವು ಸಾಮಾನ್ಯವಾಗಿ ಒಂದು ದಿನದೊಳಗೆ ಕಿಣ್ವವನ್ನು ಬಿಟ್ಟುಕೊಡುತ್ತವೆ. ಆರ್ಗನೋಫಾಸ್ಫೇಟಿನ ಹಿಡಿತ ತಡವಾದಷ್ಟೂ ಬಿಗಿ. ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಕಿಣ್ವವನ್ನು ಬಿಡಿಸುವುದಿಲ್ಲ, ಅತಿಯಾದ ಸಂದೇಶ ಗ್ರಂಥಿಗಳನ್ನು ಮುಟ್ಟದಂತೆ ತಡೆಯುತ್ತದೆ. ಸಿಕ್ಕಿಕೊಂಡ ಕೀಲಿಯನ್ನು ಕೀಳಬಲ್ಲದ್ದು ಪ್ರಾಲಿಡಾಕ್ಸಿಮ್, ಅದೂ ಬೇಗ ಕೊಟ್ಟರೆ.

“ನಿಂಬೆಹಣ್ಣು ಕುಡಿಸ್ತಾರಲ್ಲ ಸರ್?” ಎಂದ. ಮತ್ತೆ ನಿಂಬೆ! ಅದರಿಂದ ಕೀಲಿ ಬಿಡುವುದಿಲ್ಲ. ಬಟ್ಟೆ ಬಿಚ್ಚಿಸಿ, ಸೋಪಿನಿಂದ ಮೈ ತೊಳೆದು, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಹೊರಡಬೇಕು, ಲೇಬಲ್ ನೋಡಿದರೆ ವೈದ್ಯರಿಗೆ ಯಾವ ಗುಂಪಿನದೆಂದು ತಿಳಿಯುತ್ತದೆ ಎಂದೆ.

ಸೋಮವಾರ ಅವನು ಮನೆಯ ಡಬ್ಬಿಯ ಮೇಲಿದ್ದ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದ.