ಸಾಲವಿಲ್ಲದ ಪ್ರವಾಸದ ಬಡ್ಡಿ

ಮಹಾರಾಷ್ಟ್ರದ ವಲಾಂಡಿ ಕಡೆಯ ಒಕ್ಕಲುತನದ ಮನೆಗಳಲ್ಲಿ ಮದುವೆಯ ವಾರ್ಷಿಕೋತ್ಸವ ಬರುವ ಹೊತ್ತೇ ಅಪಾಯದ್ದು. ತುಳಸಿ ಲಗ್ನ ಮುಗಿದ ಮೇಲೆ ಮುಹೂರ್ತಗಳು ಸಾಲುಗಟ್ಟುತ್ತವೆ, ಹಾಗಾಗಿ ನಮ್ಮಲ್ಲಿ ಅನೇಕರ ಮದುವೆ ಕಾರ್ತಿಕದಲ್ಲೇ ಆಗಿರುತ್ತದೆ. ಸೋಯಾಬೀನ್ ರಾಶಿಯಾಗಿ ಮನೆಗೆ ಬಂದಿರುವುದೂ ಅದೇ ಸುಮಾರಿಗೆ. ಖರ್ಚಿಗೊಂದು ನೆಪ, ಮಾರಲು ಮಾಲು, ಎರಡೂ ಒಟ್ಟಿಗೇ ಕೈಗೆ ಸಿಗುತ್ತವೆ.

2024ರಲ್ಲಿ ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತು. ಗೋಕರ್ಣಕ್ಕೆ ಹೋಗಿ ಕೋಟಿತೀರ್ಥ, ಮಹಾಬಲೇಶ್ವರ, ಸಮುದ್ರ ಎಲ್ಲವನ್ನೂ ನಿಧಾನವಾಗಿ ನೋಡಿಬರುವುದು ಎಂದಾಯಿತು. ಬಾಡಿಗೆ ಕಾರು, ಕಡಲ ಹತ್ತಿರದ ರೂಮು, ಊಟ ಸೇರಿ ಅಂದಾಜು 58,000. ಬ್ಯಾಂಕಿನಲ್ಲಿ ಅಷ್ಟು ಇರಲಿಲ್ಲ. "ಸಾಲದ ರೊಕ್ಕದಾಗ ದೇವರ ದರ್ಶನ ಬ್ಯಾಡ್ರಿ" ಅಂದಳು ಮನೆಯಾಕೆ. ನನ್ನ ಮನಸ್ಸಿನಲ್ಲಿದ್ದುದೂ ಅದೇ. ದೀಪಾವಳಿಗೆ ಮೊದಲೇ ಹದಿನಾಲ್ಕು ಕ್ವಿಂಟಲ್ ಸೋಯಾ ಅಡತಿಗೆ ಹಾಕಿದೆವು.

ಅಡತಿಯವನು ಚೀಲದೊಳಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿದ. ಆಮೇಲೆ ಯಂತ್ರಕ್ಕೆ ಹಾಕಿದ. ತೇವಾಂಶ 14. "ಹಸಿ ಅದ" ಎಂದು 4,150ಕ್ಕೆ ದರ ಮುರಿದ. ಪಟ್ಟಿ ಆಯಿತು: 58,100. ಪ್ರವಾಸದ ಲೆಕ್ಕಕ್ಕೆ ಸರಿಯಾಗಿ ಹೊಂದಿತು.

ಈಗ ಇನ್ನೊಂದು ಲೆಕ್ಕ ಹಾಕೋಣ. ಆ ಹಂಗಾಮಿಗೆ ಸೋಯಾಬೀನಿನ ಬೆಂಬಲ ಬೆಲೆ ಕ್ವಿಂಟಲಿಗೆ 4,892. ಹದಿನಾಲ್ಕು ಕ್ವಿಂಟಲಿಗೆ 68,488. ನಮಗೆ ಬಂದದ್ದು 58,100. ವ್ಯತ್ಯಾಸ 10,388. ಒಣಗಿಸುವ ಕೂಲಿ, ಖರೀದಿ ಕೇಂದ್ರಕ್ಕೆ ಟೆಂಪೊ, ಹಮಾಲಿ ಎಂದು ಸಾವಿರ ಕಳೆಯಿರಿ, 9,388 ಉಳಿಯಿತು. ನೋಂದಣಿ, ಪಾಳಿ, ತೂಕ, ಖಾತೆಗೆ ಹಣ ಎಲ್ಲ ಮುಗಿಯಲು ಮೂರು ತಿಂಗಳು ಹಿಡಿಯಿತು ಎಂದೇ ಇಟ್ಟುಕೊಳ್ಳಿ. 58,100ಕ್ಕೆ ಮೂರು ತಿಂಗಳಲ್ಲಿ 9,388 ಎಂದರೆ ನೂರಕ್ಕೆ ಹದಿನಾರು ಚಿಲ್ಲರೆ, ತಿಂಗಳಿಗೆ ನೂರಕ್ಕೆ ಐದೂವರೆಯ ಹತ್ತಿರ. ನೂರಕ್ಕೆ ಐದರ ಬಡ್ಡಿ ಕೇಳುವವನನ್ನು ನಾವು ರಕ್ತ ಹೀರುವವನು ಅನ್ನುತ್ತೇವೆ. ಇಲ್ಲಿ ಅದಕ್ಕೂ ಹೆಚ್ಚು ತೆತ್ತೆವು, ಅದೂ ಸಾಲ ಮಾಡಲಿಲ್ಲ ಎಂಬ ಸಮಾಧಾನದಲ್ಲಿ.

ಮನೆಯ ಬಂಗಾರ ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ ನೂರಕ್ಕೆ ಹತ್ತರಂತೆ ಅಷ್ಟೇ ಹಣ ತಂದಿದ್ದರೆ ಮೂರು ತಿಂಗಳ ಬಡ್ಡಿ ಸುಮಾರು 1,450. ಉಳಿತಾಯ ಹತ್ತಿರ ಹತ್ತಿರ ಎಂಟು ಸಾವಿರ. ಇನ್ನು ನಮ್ಮ ಅಡತಿಯವನು ದರ ಮುರಿದ ಆ 14ರ ಮಾಲನ್ನು ಸರಕಾರ ನವೆಂಬರ್ ಮಧ್ಯದಲ್ಲಿ ಕೊಳ್ಳಲು ಒಪ್ಪಿತು, ತೇವಾಂಶದ ಮಿತಿಯನ್ನು 12ರಿಂದ 15ಕ್ಕೆ ಏರಿಸಿ. ಅಷ್ಟೊತ್ತಿಗೆ ನಮ್ಮ ಚೀಲ ಖಾಲಿ.

ಇದಕ್ಕೆ ಒಂದು ಷರತ್ತು ಉಂಟು. ಈ ಲಾಭ ಖರೀದಿ ಕೇಂದ್ರದಲ್ಲಿ ಮಾರಿದವರಿಗೆ ಮಾತ್ರ. ಆಧಾರ್, ಪಾಸ್‌ಬುಕ್ಕು, ಬೆಳೆಯ ನಮೂದು ಇರುವ ಸಾತ್‌ಬಾರಾ (ಪಹಣಿ) ಹಿಡಿದು ಹೆಸರು ಹಚ್ಚದೆ, ಮುಂದೆ ದರ ಏರುತ್ತದೆ ಎಂದು ಸುಮ್ಮನೆ ಕಾದವರಿಗೆ ಆ ವರ್ಷ ಪೇಟೆ ಏನೂ ಕೊಡಲಿಲ್ಲ. ಬೆಂಬಲ ಬೆಲೆಗಿಂತ ಕೆಳಗೇ ಇತ್ತು.

ಸಾಲವೇ ಒಳ್ಳೆಯದು ಎಂದು ಯಾರೂ ಓದಿಕೊಳ್ಳಬೇಡಿ. ಮೊಬೈಲಿನಲ್ಲಿ "ಈಗ ತಿರುಗಿ, ಆಮೇಲೆ ಕೊಡಿ" ಎಂದು ಕುಣಿಯುವ ಪ್ರವಾಸದ ಸಾಲ ಕಂಡರೆ ನನಗೆ ಮೈ ಉರಿಯುತ್ತದೆ. ಅರುವತ್ತು ಸಾವಿರಕ್ಕೆ "ಬರೀ 12 ಪರ್ಸೆಂಟ್ ಫ್ಲಾಟ್", ತಿಂಗಳಿಗೆ 3,100ರಂತೆ ಎರಡು ವರ್ಷ. ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಅರುವತ್ತು ಸಾವಿರಕ್ಕೇ ನಡೆಯುತ್ತದೆ, ನಿಜವಾದ ದರ 21ರ ಮೇಲೆ. ಪ್ರೊಸೆಸಿಂಗ್ ಶುಲ್ಕ ಬೇರೆ. 2024ರ ಅಕ್ಟೋಬರಿನಿಂದ ಇಂಥ ಸಾಲಗಳಿಗೂ ಎಪಿಆರ್ (ಶುಲ್ಕವೂ ಸೇರಿದ ವಾರ್ಷಿಕ ದರ) ನಮೂದಿಸಿದ ಮುಖ್ಯಾಂಶ ಪತ್ರ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದೊಂದು ಹಾಳೆ ಓದಿ, ಉಳಿದ ಬಣ್ಣದ ಮಾತು ಬಿಡಿ.

ನಮ್ಮ ಜನ ಖರ್ಚನ್ನು ಬರೆಯುತ್ತಾರೆ, ಆ ಖರ್ಚಿಗಾಗಿ ಯಾವ ಮಾಲನ್ನು ಯಾವಾಗ, ಯಾವ ದರಕ್ಕೆ ಬಿಟ್ಟೆವು ಎಂಬುದನ್ನು ಬರೆಯುವುದಿಲ್ಲ. ರೂಮಿನವನ ಹತ್ತಿರ ಇನ್ನೂರು ರೂಪಾಯಿಗೆ ಚೌಕಾಸಿ ಮಾಡುವವರು ಅಡತಿಯಲ್ಲಿ ಕ್ವಿಂಟಲಿಗೆ ಏಳುನೂರು ಬಿಟ್ಟು ಬರುತ್ತಾರೆ. ಹಬ್ಬ, ಮದುವೆ, ಶಾಲೆಯ ಫೀ, ಆಸ್ಪತ್ರೆ ಎಲ್ಲಕ್ಕೂ ರಾಶಿಯ ಕಡೆಗೇ ಕೈ ಚಾಚುವ ಈ ರೂಢಿ ಬಿಡಬೇಕು. ಆಸ್ಪತ್ರೆಯ ಖರ್ಚು ಹೇಳಿ ಬರುವುದಿಲ್ಲ ನಿಜ, ಆದರೆ ವಾರ್ಷಿಕೋತ್ಸವದ ತಾರೀಖು ಇಪ್ಪತ್ತೈದು ವರ್ಷದಿಂದ ಗೊತ್ತಿರುತ್ತದೆ.

ಆದ್ದರಿಂದ ಗೋಕರ್ಣವೋ ಮಾಲವಣವೋ, ಎಲ್ಲಿಗಾದರೂ ಹೋಗಿ. ಗಂಡಹೆಂಡತಿ ನಾಲ್ಕು ದಿನ ಹೊಲ ಮರೆತು ಕೂರುವುದು ದುಂದು ಅಲ್ಲ. ಆದರೆ ಅದರ ಹಣ ಜನವರಿ ಫೆಬ್ರುವರಿಯಲ್ಲಿ ತೊಗರಿ ಮಾರಿದ ದಿನವೇ ಬೇರೆ ಠೇವಣಿಗೆ ಹೋಗಲಿ, ಅವಧಿ ದಸರೆಯ ಹೊತ್ತಿಗೆ ಮುಗಿಯುವಂತೆ. ಅಷ್ಟು ಮಾಡಲಾಗದ ವರ್ಷ ಮೊದಲು ಸೋಯಾವನ್ನು ಕೇಂದ್ರಕ್ಕೆ ಹಾಕಿ, ದುಡ್ಡು ಬಂದ ಮೇಲೆ ಹೊರಡಿ. ಜನವರಿಯಲ್ಲೂ ಗೋಕರ್ಣದ ಹವಾ ಚೆನ್ನಾಗಿಯೇ ಇರುತ್ತದೆ.