ಇಯರ್‌ಬಡ್‌ಗೂ ಅಪ್‌ಡೇಟ್ ಬೇಕು

ಬೆಳಿಗ್ಗೆ ಮಾಜಾಳಿಯಿಂದ ಕಾರವಾರಕ್ಕೆ ಹೊರಡುವ ಬಸ್ಸಿನಲ್ಲಿ ಕಾಲೇಜು ಮಕ್ಕಳ ಕಿವಿಗಳನ್ನು ಗಮನಿಸಿ. ಕಾಳಿ ಸೇತುವೆ ದಾಟುವಷ್ಟರಲ್ಲಿ ಒಂದೇ ಜೋಡಿ ಇಯರ್‌ಬಡ್ ಇಬ್ಬರು ಗೆಳತಿಯರ ಕಿವಿ ಸೇರಿರುತ್ತದೆ. ಹಾಡು ಕೇಳಿಸುವ ಆ ಪುಟ್ಟ ವಸ್ತುವಿನೊಳಗೆ ಮೈಕ್ ಇದೆ, ಚಿಪ್ ಇದೆ, ಚಿಪ್ಪನ್ನು ನಡೆಸುವ ತಂತ್ರಾಂಶವೂ ಇದೆ. ತಂತ್ರಾಂಶ ಇದ್ದಲ್ಲಿ ದೋಷವೂ ಇರಬಹುದು.

2025ರ ಜೂನ್‌ನಲ್ಲಿ ಜರ್ಮನಿಯ ಸಂಶೋಧಕರು ಐರೋಹಾ ಕಂಪನಿಯ ಬ್ಲೂಟೂತ್ ಚಿಪ್‌ಗಳಲ್ಲಿ ಅಂಥ ದೋಷಗಳನ್ನು ತೋರಿಸಿದರು. ಸೋನಿ, ಜೆಬಿಎಲ್, ಬೋಸ್‌ನ ಕೆಲವು ಮಾದರಿಗಳಲ್ಲೂ ಅವೇ ಚಿಪ್‌ಗಳಿದ್ದವು. 2026ರ ಜನವರಿಯಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ದೋಷವನ್ನು ಬಯಲಿಗಿಟ್ಟಿತು. ಗೂಗಲ್‌ನ ‘ಫಾಸ್ಟ್ ಪೇರ್’ ಎಂಬ, ಬೇಗ ಜೋಡಿಸುವ ಸೌಲಭ್ಯ ಇರುವ ಕೆಲವು ಇಯರ್‌ಬಡ್‌ಗಳು, ನಾವು ಪೇರಿಂಗ್ ಗುಂಡಿ ಒತ್ತದಿದ್ದರೂ, ಅಪರಿಚಿತರ ಸಾಧನಕ್ಕೆ ಕೆಲವೇ ಸೆಕೆಂಡುಗಳಲ್ಲಿ ಜೋಡಿಯಾಗುತ್ತಿದ್ದವು. ಅದೂ 14 ಮೀಟರ್ ದೂರದವರೆಗೆ, ಅಂದರೆ ಬಸ್ಸಿನ ಹಿಂದಿನ ಸೀಟಿನಿಂದ ಮುಂದಿನ ಸೀಟಿನವರೆಗೆ. ಹಾಗೆ ಜೋಡಿಯಾದವರು ಮೈಕ್ ಮೂಲಕ ಮಾತು ಕೇಳಲು ಸಾಧ್ಯವಿತ್ತು. ದೋಷ ಇಯರ್‌ಬಡ್‌ನಲ್ಲೇ ಇರುವುದರಿಂದ ಐಫೋನ್ ಇದ್ದವರೂ ಇದರಿಂದ ಹೊರತಲ್ಲ.

ಗಾಬರಿ ಬೇಡ. ಇದನ್ನು ಮಾಡುವವರು ಹತ್ತಿರವೇ ಇರಬೇಕು, ಅವರಿಗೆ ತಾಂತ್ರಿಕ ತಿಳಿವಳಿಕೆಯೂ ಬೇಕು. ಮಕ್ಕಳ ಇಯರ್‌ಬಡ್ ಕಸಿದಿಡುವ ಅಗತ್ಯವಿಲ್ಲ, ನಾಲ್ಕು ರೂಢಿ ಸಾಕು.

ಮೊದಲನೆಯದೇ ಮುಖ್ಯ. ಫೋನ್ ಅಪ್‌ಡೇಟ್ ಆದರೆ ಇಯರ್‌ಬಡ್ ಕೂಡ ಅಪ್‌ಡೇಟ್ ಆಯಿತೆಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಇಯರ್‌ಬಡ್ ತಯಾರಿಸಿದ ಕಂಪನಿಯದೇ ಆ್ಯಪ್ ಹಾಕಿಕೊಂಡು, ಅದರಲ್ಲಿ ‘ಫರ್ಮ್‌ವೇರ್ ಅಪ್‌ಡೇಟ್’, ಅಂದರೆ ಇಯರ್‌ಬಡ್‌ನೊಳಗಿನ ತಂತ್ರಾಂಶದ ಹೊಸ ಆವೃತ್ತಿ, ಇದೆಯೇ ಎಂದು ನೋಡಬೇಕು. ಹೊಸದು ಕೊಳ್ಳುವಾಗಲೂ ಬೆಲೆಯ ಜೊತೆಗೆ ಇದನ್ನು ವಿಚಾರಿಸಿ.

ಎರಡನೆಯದು, ಬೇರೆಯವರು ಬಳಸಿದ್ದನ್ನು ಕೊಂಡರೆ ಅಥವಾ ನಿಮ್ಮದನ್ನು ಮಾರಿದರೆ ಪೂರ್ತಿ ರೀಸೆಟ್ ಮಾಡಿ. ಹಳೆಯ ಜೋಡಣೆಗಳು ಅಳಿಯುತ್ತವೆ. ಆದರೆ ರೀಸೆಟ್‌ನಿಂದ ದೋಷ ಹೋಗದು, ಅದಕ್ಕೆ ಅಪ್‌ಡೇಟೇ ಮದ್ದು.

ಮೂರನೆಯದು, ಕೇಳಿ ಮುಗಿದ ಮೇಲೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ. ಮನೆಯ ಬ್ಲೂಟೂತ್ ಸ್ಪೀಕರನ್ನೂ ರಾತ್ರಿ ಆಫ್ ಮಾಡಿ. ಎಷ್ಟೋ ಸ್ಪೀಕರ್‌ಗಳು ಪಿನ್ ಕೇಳದೆ ಪಕ್ಕದ ಮನೆಯ ಫೋನಿಗೂ ಜೋಡಿಯಾಗುತ್ತವೆ.

ನಾಲ್ಕನೆಯದು, ಬ್ಯಾಂಕಿನ ವಿಷಯ, ಮನೆಯ ಗುಟ್ಟಿನ ಮಾತು ಇದ್ದಾಗ ಫೋನನ್ನೇ ಕಿವಿಗೆ ಹಿಡಿಯಿರಿ.

ಈ ಭಾನುವಾರ ಮಗಳ ಪಕ್ಕ ಕುಳಿತು, “ನಿನ್ನ ಇಯರ್‌ಬಡ್‌ಗೆ ಅಪ್‌ಡೇಟ್ ಬಂದಿದೆಯಾ, ನೋಡೋಣ ಬಾ” ಎನ್ನಿ. ಬೈಯದೆ ಜೊತೆಗೆ ಕುಳಿತ ಅಪ್ಪ-ಅಮ್ಮನ ಬಳಿಗೆ ಮಕ್ಕಳು ಮುಂದೆ ದೊಡ್ಡ ತೊಂದರೆಯನ್ನೂ ಮುಚ್ಚಿಡದೆ ತರುತ್ತಾರೆ.