ಎಲೆಯೊಂದಕ್ಕೆ 732 ರೂಪಾಯಿ

ಅಡುಗೆ ಕಂಟ್ರಾಕ್ಟರು ಎಲೆಗೆ 450 ರೂಪಾಯಿ ಅಂದರು. ಒಬ್ಬಟ್ಟು, ಚಿರೋಟಿ, ಎರಡು ಪಲ್ಯ, ಎರಡು ಕೋಸಂಬರಿ, ಬಿಸಿಬೇಳೆಭಾತು, ಕೊನೆಗೆ ಐಸ್‌ಕ್ರೀಮು, ಬೀಡಾ. ಬೆಂಗಳೂರಿನ ಕೆಂಗೇರಿ ಕಡೆ ಹೊಸ ಫ್ಲ್ಯಾಟು ಕೊಂಡಿದ್ದ ದಂಪತಿ ಚೌಕಾಸಿ ಮಾಡದೆ ಒಪ್ಪಿಕೊಂಡರು. ಈಗಿನ ಕಾಲಕ್ಕೆ ಅದೇನೂ ಹೆಚ್ಚಿನ ದರವಲ್ಲ. ಹೆಂಡತಿ ಈ ಅಂಕಣಕಾರನ ತಂಗಿ. ಗೃಹಪ್ರವೇಶದ ದಿನ ಅಣ್ಣನಿಗೆ ಸಿಕ್ಕಿದ್ದು ಬಾಗಿಲ ಬಳಿ ಒಂದು ಮೇಜು, ಒಂದು ನೋಟ್‌ಬುಕ್ಕು ಮತ್ತು ಮುಯ್ಯಿ ಬರೆದುಕೊಳ್ಳುವ ಕೆಲಸ. ಹಣಕಾಸಿನ ಬಗ್ಗೆ ಬರೆಯುವವನಿಗೆ ನೆಂಟರಿಷ್ಟರು ಕೊಡುವ ಗೌರವ ಅಷ್ಟೇ. ಪೂರ್ತಿ ಲೆಕ್ಕ ಅವನ ಕೈಗೆ ಬಂದದ್ದು ಆಮೇಲೆ, ಕ್ರೆಡಿಟ್ ಕಾರ್ಡಿನ ಬಿಲ್ಲಿನ ಜೊತೆಗೆ. ಕೂಡಿ ಕಳೆದು ಭಾಗಿಸಿ ನೋಡಿದರೆ ಉಂಡವರ ಒಂದೊಂದು ಎಲೆಗೆ ಬಿದ್ದದ್ದು 732 ರೂಪಾಯಿ.

ಅದು ಹೇಗೆ ಎಂದು ತಿಳಿಯಬೇಕಾದರೆ ಮನೆ ಕೊಂಡ ಲೆಕ್ಕದಿಂದ ಶುರುಮಾಡಬೇಕು. ಫ್ಲ್ಯಾಟಿನ ಬೆಲೆ 60 ಲಕ್ಷ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಹಾಕಿರುವ ಮಿತಿ ಮನೆಯ ಮೌಲ್ಯದ ಶೇ 80. ಹಾಗಾಗಿ ಸಾಲ 48 ಲಕ್ಷ, ಉಳಿದ 12 ಲಕ್ಷ ಕೈಯಿಂದ. ಅದರ ಮೇಲೆ ಶೇ 5 ಮುದ್ರಾಂಕ ಶುಲ್ಕ, ಆ ಶುಲ್ಕಕ್ಕೆ ಮತ್ತೆ ಸೆಸ್ಸು, ಸರ್ಚಾರ್ಜು, ಜೊತೆಗೆ ನೋಂದಣಿ ಶುಲ್ಕ. ಕರ್ನಾಟಕದಲ್ಲಿ ಶೇ 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಸೇರಿ ಶೇ 7.6, ಅಂದರೆ 4 ಲಕ್ಷ 56 ಸಾವಿರ. ಸಾಲದ ಮಿತಿ ಕಟ್ಟುವಾಗ ಬ್ಯಾಂಕು ಇದನ್ನು ಮನೆಯ ಮೌಲ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಹೀಗೆ ಹದಿನಾರೂವರೆ ಲಕ್ಷಕ್ಕೂ ಮೇಲೆ ಕೈಬಿಟ್ಟಿತ್ತು. ಎಫ್‌ಡಿ ಮುರಿದಿತ್ತು, ಪಿಎಫ್‌ನಿಂದ ಮುಂಗಡ ತೆಗೆದಾಗಿತ್ತು, ಒಂದು ಜೊತೆ ಬಳೆ ಅಡ ಹೋಗಿತ್ತು.

ಕಾರ್ತಿಕದ ಕೊನೆಗೆ ನೋಂದಣಿ ಮುಗಿಯಿತು. ಅಷ್ಟರಲ್ಲಿ ಧನುರ್ಮಾಸ ಬಂತು, ಮುಹೂರ್ತವಿಲ್ಲ. ಮಾಘದವರೆಗೆ ಹಳೆಯ ಮನೆಗೆ 20 ಸಾವಿರ ಬಾಡಿಗೆ, ಹೊಸ ಮನೆಗೆ 41,655 ರೂಪಾಯಿ ಇಎಂಐ, ಎರಡೂ. ನೋಂದಣಿಯ ತಾರೀಖು ಹಿಡಿಯುವಾಗಲೇ ಪಂಚಾಂಗ ತೆರೆದು ನೋಡಿದ್ದರೆ ಒಂದು ಬಾಡಿಗೆಯಾದರೂ ಉಳಿಯುತ್ತಿತ್ತು. ಆಷಾಢಕ್ಕೂ ಇದೇ ಮಾತು. ಕೈ ಪೂರ್ತಿ ಖಾಲಿಯಾಗಿರುವ ತಿಂಗಳಲ್ಲೇ ಗೃಹಪ್ರವೇಶ ಬರುವುದು. ಊರಿಗೆಲ್ಲ ಊಟ ಹಾಕಬೇಕೆನ್ನಿಸುವುದೂ ಆ ತಿಂಗಳಲ್ಲೇ.

ಇಲ್ಲಿ ಪುರೋಹಿತರನ್ನು ದೂರುವ ಹಾಗಿಲ್ಲ. ಗಣಪತಿ ಹೋಮ, ವಾಸ್ತು ಹೋಮ, ಸತ್ಯನಾರಾಯಣ ಪೂಜೆ, ದಕ್ಷಿಣೆ, ಹೂ ಹಣ್ಣು, ಗೇಟಿನವರೆಗೆ ಬಂದು ಹೋದ ಹಸು ಕರುವಿನ ಬಾಬ್ತು ಎಲ್ಲ ಸೇರಿ ಖರ್ಚಾದದ್ದು 35 ಸಾವಿರ, ಅದೂ ನಗದು. (ಏಳನೇ ಮಹಡಿಗೆ ಹಸು ಹತ್ತುವುದಿಲ್ಲ, ಮೇಲೆ ಬೆಳ್ಳಿಯ ಹಸುವೇ ಹೊಸ್ತಿಲು ದಾಟಿತು. ಹೋಮದ ಹೊಗೆಗೆ ಅಲಾರಂ ಹೊಡೆದುಕೊಳ್ಳದಂತೆ ಅಸೋಸಿಯೇಷನ್ನಿಗೆ ಮೊದಲೇ ಹೇಳಿಡಬೇಕು ಎಂಬುದು ಆ ದಿನ ಎಲ್ಲರಿಗೂ ಗೊತ್ತಾಯಿತು.) ಹಾಲು ಉಕ್ಕಿಸುವುದಕ್ಕೆ ಒಂದು ಲೀಟರು ಹಾಲು ಸಾಕು. ಖರ್ಚು ಬೆಳೆದದ್ದು ಪೂಜೆಯ ಆಚೆಗೆ. 400 ಎಲೆಗೆ 1,80,000, ಅದಕ್ಕೆ ಶೇ 5 ಜಿಎಸ್‌ಟಿ ಸೇರಿ 1,89,000. ಶಾಮಿಯಾನ, ಕುರ್ಚಿ, ಹೂವಿನ ಅಲಂಕಾರ, ದೀಪ 58 ಸಾವಿರ. ಬಂದವರಿಗೆ ಕೊಡುವ ಸ್ಟೀಲ್ ಡಬ್ಬಿ, ತಾಂಬೂಲದ ಚೀಲ 53 ಸಾವಿರ. ಮೂರೂ ಬಿಲ್ಲು ಒಂದೇ ಕಾರ್ಡಿನಲ್ಲಿ ಉಜ್ಜಿದರು. ಒಟ್ಟು 3 ಲಕ್ಷ.

ಬಿಲ್ಲಿನ ಗಡುವಿಗೆ ಮೊದಲೇ ಫೋನು ಬಂತು. ‘ಸಾರ್, ನಿಮ್ಮ 3 ಲಕ್ಷವನ್ನು 24 ಕಂತು ಮಾಡಿಕೊಡುತ್ತೇವೆ. ಬಡ್ಡಿ ವರ್ಷಕ್ಕೆ ಬರೀ 8 ಪರ್ಸೆಂಟು. ನೂರಕ್ಕೆ ತಿಂಗಳಿಗೆ 67 ಪೈಸೆ.’ ಭಾವ ಲೆಕ್ಕ ಗೊತ್ತಿಲ್ಲದವರೇನಲ್ಲ. ಗೃಹಸಾಲ ಶೇ 8.5 ಇರುವಾಗ ಇದು ಅದಕ್ಕಿಂತ ಅಗ್ಗವಲ್ಲವೇ ಎಂದುಕೊಂಡು ‘ಹೂಂ’ ಅಂದರು.

ಆ 67 ಪೈಸೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಇದು ಫ್ಲ್ಯಾಟ್ ದರ. 3 ಲಕ್ಷಕ್ಕೆ ಶೇ 8ರಂತೆ ಎರಡು ವರ್ಷಕ್ಕೆ ಬಡ್ಡಿ 48 ಸಾವಿರ. ಅಸಲು ತಿಂಗಳಿಗೆ 12,500, ಬಡ್ಡಿ 2,000, ಕಂತು 14,500. ಹನ್ನೆರಡನೆಯ ಕಂತು ಕಟ್ಟುವ ಹೊತ್ತಿಗೆ ಅರ್ಧ ಅಸಲು ತೀರಿರುತ್ತದೆ, ಆದರೆ ಬಡ್ಡಿ ಮಾತ್ರ ಪೂರ್ತಿ 3 ಲಕ್ಷದ ಮೇಲೆಯೇ ಓಡುತ್ತಿರುತ್ತದೆ. ಕೊನೆಯ ತಿಂಗಳು ಉಳಿದ ಅಸಲು 12,500, ಅದಕ್ಕೂ ಬಡ್ಡಿ 2,000. ಒಂದೇ ತಿಂಗಳಿಗೆ ನೂರಕ್ಕೆ 16 ರೂಪಾಯಿ! ಹಳ್ಳಿಯ ಲೇವಾದೇವಿಯವನು ಹೀಗೆ ಕೇಳಿದ್ದರೆ ಪಂಚಾಯ್ತಿ ಸೇರುತ್ತಿತ್ತು.

ಗೃಹಸಾಲದ ಹಾಗೆ ಇಳಿಯುವ ಬಾಕಿಯ ಮೇಲೆ ಬಡ್ಡಿ ಹಾಕಿದ್ದರೆ, ಇದೇ 3 ಲಕ್ಷಕ್ಕೆ ಶೇ 8.5ರಲ್ಲಿ 24 ತಿಂಗಳ ಕಂತು 13,637, ಒಟ್ಟು ಬಡ್ಡಿ ಸುಮಾರು 27,280. ಅಂದರೆ ‘ಅಗ್ಗದ’ ಶೇ 8, ದುಬಾರಿ ಶೇ 8.5ಕ್ಕಿಂತ 20 ಸಾವಿರಕ್ಕೂ ಹೆಚ್ಚು ನುಂಗಿತು. ಇಳಿಯುವ ಬಾಕಿಗೆ ಹೊಂದಿಸಿ ಹೇಳಿದರೆ ಅದರ ನಿಜವಾದ ದರ ಶೇ 14.7ರ ಹತ್ತಿರ. ಅಲ್ಲಿಗೂ ಮುಗಿಯಲಿಲ್ಲ. ಗೃಹಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಶೇ 18 ಇದೆ. 48 ಸಾವಿರಕ್ಕೆ 8,640. ಸಂಸ್ಕರಣಾ ಶುಲ್ಕ ಶೇ 1, ಅದಕ್ಕೂ ಜಿಎಸ್‌ಟಿ, 3,540. ಒಟ್ಟು ಹೆಚ್ಚುವರಿ 60,180 ರೂಪಾಯಿ. ಎಲ್ಲ ಸೇರಿಸಿದರೆ ದರ ಶೇ 18 ದಾಟುತ್ತದೆ.

ಈ 60,180ರಲ್ಲಿ ಊಟದ ಪಾಲು ಶೇ 63, ಅಂದರೆ 37,913. ಬಿಲ್ಲಿಗೆ ಸೇರಿಸಿದರೆ 2,26,913. ಕಂಟ್ರಾಕ್ಟರಿಗೆ ಮಾತು ಕೊಟ್ಟದ್ದು 400 ಎಲೆ, ಹಾಕಿದ್ದು 310. ಬಾರದ 90 ಜನರ ಎಲೆಗೂ ದುಡ್ಡು ಕೊಡಲೇಬೇಕು, ಆ ಕರಾರು ಮೊದಲೇ ಆಗಿತ್ತು. 2,26,913ನ್ನು 310ರಿಂದ ಭಾಗಿಸಿ.

ಕಾರ್ಡ್ ಇಎಂಐ ಎಂಬ ಈ ಸರಕಿನ ಬಗ್ಗೆ ಅಂಕಣಕಾರನಿಗೆ ತಾಳ್ಮೆ ಉಳಿದಿಲ್ಲ. ಪರ್ಸನಲ್ ಲೋನ್ ತೆಗೆಯುವವನಿಗೆ ತಾನು ಸಾಲಗಾರ ಎಂಬುದಾದರೂ ಗೊತ್ತಿರುತ್ತದೆ, ನಾಲ್ಕು ಕಡೆ ದರ ವಿಚಾರಿಸುತ್ತಾನೆ. ಇಲ್ಲಿ ಫೋನಿನಲ್ಲೊಂದು ‘ಹೂಂ’ ಸಾಕು. ಅದನ್ನೇ ಅನುಕೂಲ ಎಂದು ಮಾರುತ್ತಾರೆ. ಗೃಹಸಾಲಕ್ಕೆ ಟಾಪ್‌ಅಪ್ ಕೇಳಬಹುದಿತ್ತು, ಪಿಗ್ಮಿ ಕಟ್ಟಿದ ಸಹಕಾರ ಸಂಘವನ್ನೂ ವಿಚಾರಿಸಬಹುದಿತ್ತು. ಯಾವುದೂ ಆಗದಿದ್ದರೆ ಎಲೆಯ ಸಂಖ್ಯೆಯನ್ನು 150ಕ್ಕೆ ಇಳಿಸಬಹುದಿತ್ತು.

‘ಮುಯ್ಯಿ ಬರುತ್ತಲ್ಲ’ ಎನ್ನುವವರಿದ್ದಾರೆ. ಮೇಜಿನ ಮೇಲಿನ ನೋಟ್‌ಬುಕ್ಕಿನಲ್ಲಿ ಕೂಡಿದ್ದು 82 ಸಾವಿರ. ಆದರೆ ಆ ಪುಸ್ತಕ ಇನ್ನೊಂದು ಸಾಲದ ಪಟ್ಟಿ. ಇಂದು ಸಾವಿರ ಬರೆಸಿದವರ ಮಗಳ ಮದುವೆಗೆ ನಾಳೆ ಸಾವಿರಕ್ಕಿಂತ ಕಡಿಮೆ ಕೊಡಲಾದೀತೇ? ಆದಾಯ ತೆರಿಗೆಯದೂ ಒಂದು ಕೊಕ್ಕೆಯಿದೆ. ಮದುವೆಯಲ್ಲಿ ಮದುಮಕ್ಕಳಿಗೆ ಬಂದ ಉಡುಗೊರೆಗೆ ತೆರಿಗೆ ಇಲ್ಲ, ಗೃಹಪ್ರವೇಶಕ್ಕೆ ಆ ವಿನಾಯಿತಿ ಇಲ್ಲ. ಅಪ್ಪ ಅಮ್ಮ, ಒಡಹುಟ್ಟಿದವರು, ಅವರ ಗಂಡ ಹೆಂಡಿರು, ಚಿಕ್ಕಪ್ಪ, ಸೋದರಮಾವ, ಅತ್ತೆ ಇಂಥವರು ಎಷ್ಟು ಕೊಟ್ಟರೂ ಸರಿ. ಗೆಳೆಯರು, ಸಹೋದ್ಯೋಗಿಗಳು ಕೊಟ್ಟ ಹಣ ವರ್ಷಕ್ಕೆ 50 ಸಾವಿರ ದಾಟಿದರೆ ಪೂರ್ತಿ ಮೊತ್ತ ಆದಾಯ. ಚಿಕ್ಕಪ್ಪನ ಮಗ ಕಾನೂನಿನ ಕಣ್ಣಿಗೆ ನೆಂಟನಲ್ಲ, ಅವನೂ ಈ ಲೆಕ್ಕಕ್ಕೇ ಬರುತ್ತಾನೆ. ತಂಗಿಯ ಪಟ್ಟಿಯಲ್ಲಿ ಈ ಬಗೆಯ ಮುಯ್ಯಿ 31 ಸಾವಿರ ಇತ್ತು, ತಲೆನೋವಾಗಲಿಲ್ಲ.

ಇನ್ನು ಕರೆಯುವ ಅಭ್ಯಾಸ. ವಾಟ್ಸ್‌ಆ್ಯಪ್ ಬಂದ ಮೇಲೆ ಒಂದು ಕಾರ್ಡಿನ ಚಿತ್ರ 600 ಜನಕ್ಕೆ ಒಂದೇ ಒತ್ತಿಗೆ ಹೋಗುತ್ತದೆ. ಎಷ್ಟು ಜನ ಬರುತ್ತಾರೆ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ, ಬರುವುದಿಲ್ಲ ಎನ್ನುವುದಂತೂ ಅಲ್ಲವೇ ಅಲ್ಲ. ಹಿಂದೆ ಅರಿಶಿನ ಕುಂಕುಮ ಹಿಡಿದು ಮನೆಮನೆಗೆ ಹೋಗಿ ಕರೆಯುತ್ತಿದ್ದಾಗ ಕಾಲು ನೋಯುತ್ತಿತ್ತು, ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತಿತ್ತು. ಸ್ಟೀಲ್ ಡಬ್ಬಿಗಳ ಗತಿ ಕೇಳಬೇಡಿ. ಅಂಕಣಕಾರನ ಮನೆಯ ಅಟ್ಟದಲ್ಲಿ ಯಾರ ಗೃಹಪ್ರವೇಶದ್ದು ಎಂದು ಗೊತ್ತಾಗದ ಡಬ್ಬಿಗಳು ಸಾಲಾಗಿ ಕೂತಿವೆ. ಯಾರೂ ಬೇಡವೆನ್ನುವುದಿಲ್ಲ, ಯಾರೂ ಬಳಸುವುದೂ ಇಲ್ಲ. ಪೂಜೆಯ ದಿನ ಮನೆಯವರಿಗಷ್ಟೇ ಊಟ ಇಟ್ಟುಕೊಂಡು, ಕೈ ಸ್ವಲ್ಪ ಸುಧಾರಿಸಿದ ಮೇಲೆ ಗೆಳೆಯರನ್ನು ಗುಂಪುಗುಂಪಾಗಿ ಕರೆದರೆ ಮನೆಯೂ ತುಂಬುತ್ತದೆ, ಬಂದವರ ಜೊತೆ ಕೂತು ಮಾತಾಡುವುದಕ್ಕೂ ಆಗುತ್ತದೆ. ಆ ದಿನ ತಂಗಿ ಯಾರ ಜೊತೆಯೂ ಕೂತು ಉಣ್ಣಲಿಲ್ಲ.

ಮನೆಯ ಅಂದಾಜುಪಟ್ಟಿ ಬರೆಯುವಾಗ ನೋಂದಣಿ, ವಾರ್ಡ್‌ರೋಬು, ಪರದೆಗಳ ಜೊತೆಗೆ ಗೃಹಪ್ರವೇಶಕ್ಕೂ ಒಂದು ಸಾಲು ಮೀಸಲಿಡಿ. ಆ ಸಾಲಿಗೆ ನಗದು ಇಲ್ಲದಿದ್ದರೆ ಎಲೆ ಕಡಿಮೆ ಮಾಡಿ. ಹಾಗೂ ಕಾರ್ಡ್ ಉಜ್ಜಿದಿರಿ, ಫೋನೂ ಬಂತು ಅಂದುಕೊಳ್ಳಿ. ಬಿಲ್ಲನ್ನು ಕಂತಿಗೆ ಬದಲಿಸುವ ಮೊದಲು ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಸ್ಪಷ್ಟವಾಗಿ ತಿಳಿಸಬೇಕು, ಬಡ್ಡಿ ಇರುವ ಕಂತನ್ನು ‘ನೋ ಕಾಸ್ಟ್’ ಎಂದು ಮರೆಮಾಚಬಾರದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಬಡ್ಡಿ ದರ ಕೇಳಬೇಡಿ. ಜಿಎಸ್‌ಟಿ, ಶುಲ್ಕ ಎಲ್ಲ ಸೇರಿ ಕೊನೆಯ ಕಂತಿನವರೆಗೆ ಒಟ್ಟು ಎಷ್ಟು ರೂಪಾಯಿ ಕಟ್ಟಬೇಕು ಎಂದು ಕೇಳಿ, ಉತ್ತರ ಬರಹದಲ್ಲಿ ಬರುವವರೆಗೆ ‘ಹೂಂ’ ಅನ್ನಬೇಡಿ.